ಏಟಿನ ಗುರುತು ಓದುತ್ತಿದ್ದ ವರ್ನಾ ಶುಮ್ಕೊ

ಇಪ್ಪತ್ತೆರಡು ವರ್ಷ ನಾನು ಆಲ್ಡರ್ ರನ್ ಊರಿನಲ್ಲಿ ಅಂಚೆ ಹಂಚಿದೆ. ಯಾರ ಮನೆಗೆ ಏನು ಬರುತ್ತದೆ ಎನ್ನುವುದು ಅಂಚೆಯವನಿಗೆ ಬೇಡವೆಂದರೂ ಗೊತ್ತಾಗುತ್ತದೆ. ಮೇಪಲ್ ಬೀದಿಯ ಕೊನೆಯಲ್ಲಿ ಹಸಿರು ಬಾಗಿಲಿನ ಮನೆಯಿತ್ತು. ಅಲ್ಲಿಗೆ ತಿಂಗಳಿಗೆ ಮೂರೋ ನಾಲ್ಕೋ ಉದ್ದನೆಯ ರಟ್ಟಿನ ಕೊಳವೆಗಳು ಬರುತ್ತಿದ್ದವು. ಒಂದು ವಾರ ಕಳೆದರೆ ಅದೇ ಕೊಳವೆಗಳು ಬೇರೆ ಹಗ್ಗ ಬಿಗಿಸಿಕೊಂಡು ವಾಪಸ್ ಹೋಗುತ್ತಿದ್ದವು. ಪರದೆ ಕಟ್ಟುವ ಕೋಲುಗಳಿರಬೇಕು ಎಂದು ಮೊದಮೊದಲು ಅಂದುಕೊಂಡಿದ್ದೆ. ಆದರೆ ಆ ಮನೆಯಲ್ಲಿದ್ದದ್ದು ಐದೇ ಕಿಟಕಿ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಬಾಗಿಲು ತೆರೆದ ಹೆಂಗಸು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಐದಡಿಗಿಂತ ಸ್ವಲ್ಪವೇ ಎತ್ತರ, ಕುಸ್ತಿಯವನಂಥ ಮುಂಗೈ, ಬಲಗೈಯ ಕಿರುಬೆರಳಿನ ತುದಿ ಇಲ್ಲ.

"ಎಂಟು ವರ್ಷದಿಂದ ತಂದು ಕೊಡ್ತಿದೀಯ, ಇವತ್ತು ಕೇಳ್ಬೇಕು ಅನ್ನಿಸ್ತಾ? ಬಾ ಒಳಗೆ. ಬೂಟು ಒರೆಸ್ಕೊ," ಎಂದಳು.

ವರ್ನಾ ಶುಮ್ಕೊ ನನಗೆ ಪರಿಚಯವಾದದ್ದು ಹೀಗೆ.

ಅವಳು ಹತ್ತೊಂಬತ್ತನೆಯ ವಯಸ್ಸಿಗೆ ನಮ್ಮೂರಿನ ಬೇಸ್‌ಬಾಲ್ ಬ್ಯಾಟ್ ಕಾರ್ಖಾನೆ ಸೇರಿದವಳು. ಈ ಗುಡ್ಡಗಳ ಆಶ್ ಮರ ಬ್ಯಾಟಿಗೆ ಹೇಳಿ ಮಾಡಿಸಿದ್ದು. ಹಗುರ, ಗಟ್ಟಿ, ನೇರ ಗೆರೆಯದು. ಮೊದಲು ಆರ್ಡರ್ ಕಾರ್ಡುಗಳನ್ನು ಬರೆಯುವ ಮೇಜಿನಲ್ಲಿ ಕೂತಳು. ಆಟಗಾರನ ಹೆಸರು, ಬ್ಯಾಟಿನ ಉದ್ದ, ತೂಕ, ಹಿಡಿಯ ದಪ್ಪ, ಕಳಿಸಿದ ತಾರೀಖು. ಮೂರು ವರ್ಷ ಬರೆದ ಮೇಲೆ ಬೇಸರ ಬಂದು ಮರ ಕಡೆಯುವ ಲೇತ್ ಕಲಿಯುತ್ತೇನೆ ಎಂದಳು. ಗಂಡಸರು ನಕ್ಕರು. ಒಬ್ಬ ಮುದುಕ ಕೆಲಸಗಾರ ಮಾತ್ರ ನಗದೆ ಕಲಿಸಿದ. ಕಾರ್ಖಾನೆ ಮುಚ್ಚುವವರೆಗೆ, ಅಂದರೆ ಮೂವತ್ತೆರಡು ವರ್ಷ, ಅವಳು ಲೇತಿನ ಮುಂದೆಯೇ ನಿಂತಿದ್ದಳು. ಕಿರುಬೆರಳಿನ ತುದಿ ಹೋದದ್ದೂ ಅಲ್ಲಿಯೇ.

ಮುಚ್ಚುವ ವಾರ ಕಾರ್ಡುಗಳ ಡ್ರಾಯರುಗಳನ್ನು ಕಸದ ಲಾರಿಗೆ ಎತ್ತಿ ಹಾಕುತ್ತಿದ್ದರಂತೆ. ವರ್ನಾ ತಂಗಿಯ ಕಾರು ತರಿಸಿ, ಮೂರು ಸುತ್ತು ಹೊಡೆದು, ಎಲ್ಲವನ್ನೂ ಮನೆಯ ನೆಲಮಾಳಿಗೆಗೆ ಸಾಗಿಸಿದಳು.

"ಯಾಕೆ?" ಎಂದು ಕೇಳಿದ್ದೆ.

"ನನ್ನ ಅಕ್ಷರ ಇತ್ತಲ್ಲ ಅದ್ರಲ್ಲಿ. ಕಸಕ್ಕೆ ಹಾಕೋಕೆ ಮನಸ್ಸಾಗ್ಲಿಲ್ಲ. ಇಷ್ಟೇ."

ಹಳೆಯ ಬ್ಯಾಟುಗಳಿಗೆ ಹುಚ್ಚು ಹಿಡಿದಂತೆ ಬೆಲೆ ಏರಿದ್ದು ಆಮೇಲೆ. ಹೆಸರಾಂತ ಆಟಗಾರ ನಿಜವಾದ ಪಂದ್ಯದಲ್ಲಿ ಬೀಸಿದ ಬ್ಯಾಟ್ ಬೇಕೆಂದು ಸಂಗ್ರಹಕಾರರು ದೇಶವೆಲ್ಲ ಹುಡುಕುತ್ತಿದ್ದರು. ಅಂಗಡಿಯಲ್ಲಿ ಮಾರಿದ ಬ್ಯಾಟಿನ ಮೇಲೂ ಅದೇ ಹೆಸರಿನ ಮುದ್ರೆ ಇರುತ್ತದೆ. ಹಾಗಾಗಿ ಯಾವುದು ಮೈದಾನ ಕಂಡದ್ದು, ಯಾವುದು ಕಾಣದ್ದು ಎಂದು ಹೇಳುವವರು ಬೇಕಿತ್ತು. ಅಂಥವರ ಕಿವಿಗೆ ಹೇಗೋ ಕಾರ್ಡುಗಳ ಸುದ್ದಿ ಬಿತ್ತು, ಕೊಳವೆಗಳು ಬರತೊಡಗಿದವು. ವಾಪಸ್ ಕಳಿಸುವ ಖರ್ಚಿನ ಜೊತೆಗೆ ಅವಳು ಕೇಳುತ್ತಿದ್ದದ್ದು ಒಂದು ಪೌಂಡ್ ಕಾಫಿಪುಡಿ. ಅವಳ ಅಲಮಾರಿಯಲ್ಲಿ ಅಂಗಡಿ ಇಡುವಷ್ಟು ಕಾಫಿಯಿತ್ತು.

ಅಂದಿನಿಂದ ನಾನು ಆ ಅಡುಗೆಮನೆಗೆ ಆಗಾಗ ಹೋಗಿ ಕೂರುವವನಾದೆ, ನಿವೃತ್ತಿಯಾದ ಮೇಲಂತೂ ವಾರಕ್ಕೆರಡು ಸಲ. ಅವಳು ನೋಡುವುದನ್ನು ನೋಡುವುದೇ ನನಗೊಂದು ಕೆಲಸ. ಬ್ಯಾಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸುತ್ತಿದ್ದಳು. ಚೆಂಡು ಬಡಿದ ಕಡೆ ಮರ ತುಸು ಕುಸಿದಿರುತ್ತದೆ. ಕೆಲವು ಕಡೆ ಚೆಂಡಿನ ಹೊಲಿಗೆಯ ಹಲ್ಲುಗುರುತೂ ಇರುತ್ತದೆ. ಅದೃಷ್ಟವಿದ್ದರೆ ಚೆಂಡಿನ ಮೇಲಿನ ನೀಲಿ ಅಕ್ಷರಗಳು ತಿರುಗುಮುರುಗಾಗಿ ಮರದ ಮೇಲೆ ಅಚ್ಚಾಗಿರುತ್ತವೆ. ಆಮೇಲೆ ಹಿಡಿಯನ್ನು ಮೂಸುತ್ತಿದ್ದಳು. ಕೈ ಜಾರದಿರಲಿ ಎಂದು ಆಟಗಾರರು ಬಳಿಯುವ ಪೈನ್ ಮರದ ಕಪ್ಪು ಅಂಟಿಗೆ ಐವತ್ತು ವರ್ಷವಾದರೆ ವಾಸನೆ ಉಳಿಯುವುದಿಲ್ಲ.

"ಇದು ಹೋದ ಬೇಸಿಗೇಲಿ ಬಳಿದಿದ್ದು," ಎನ್ನುವಳು ಒಮ್ಮೊಮ್ಮೆ, ಮೂಗು ಸಿಂಡರಿಸಿ. "ಯಾರೋ ಹಿತ್ತಲಲ್ಲಿ ನಿಂತ್ಕೊಂಡು ನಾಲ್ಕು ಚೆಂಡು ಹೊಡ್ದು, ಅಂಟು ಸವರಿ ಕಳ್ಸಿದಾನೆ. ಪಾಪ, ಬಿಸಿಲಲ್ಲಿ ಎಷ್ಟ್ ಕಷ್ಟಪಟ್ನೋ."

ಉಜ್ಜಿ ಪಾಲಿಶ್ ಹಾಕಿದ ಬ್ಯಾಟ್ ಬಂದರೆ ಅವಳಿಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಕೊಳೆ, ಬಿರುಕು, ಬೂಟಿನ ಮುಳ್ಳು ಚುಚ್ಚಿದ ತೂತು, ಬ್ಯಾಟುಗಳನ್ನು ನಿಲ್ಲಿಸುವ ಗೂಡಿನ ಬಣ್ಣ ಉಜ್ಜಿ ಬಂದ ಗೆರೆ, ಸಂಗ್ರಹಕಾರರು ಹುಡುಕುವುದೇ ಇವನ್ನು. ಒರೆಸಿದವನು ಎಲ್ಲವನ್ನೂ ಅಳಿಸಿರುತ್ತಾನೆ.

ನಾನು ಹೇಳಬೇಕೆಂದಿರುವುದು ಎರಡು ಸಾವಿರದ ಹದಿನಾಲ್ಕರ ಅಕ್ಟೋಬರಿನ ಮಾತು. ಆ ಸಲ ಬ್ಯಾಟ್ ಅಂಚೆಯಲ್ಲಿ ಬರಲಿಲ್ಲ. ಲೊವೆಲ್ ಸ್ಟ್ರಿಕ್ಲರ್ ಎಂಬ ಹಲ್ಲಿನ ಡಾಕ್ಟರು ಪಿಟ್ಸ್‌ಬರ್ಗಿನಿಂದ ತಾವೇ ಕಾರಿನಲ್ಲಿ ತಂದರು, ಮಗುವನ್ನು ಸುತ್ತುವಂಥ ಮೆತ್ತನೆಯ ಕಂಬಳಿಯಲ್ಲಿ ಸುತ್ತಿಕೊಂಡು. ಹರಾಜಿನಲ್ಲಿ ಅದಕ್ಕೆ ಅವರು ಕೊಟ್ಟದ್ದು ಹೊಸ ಪಿಕಪ್ ಗಾಡಿ ಬರುವಷ್ಟು ಹಣ. ಅರವತ್ತರ ದಶಕದಲ್ಲಿ ಚೆಂಡನ್ನು ಬೇಲಿಯಾಚೆ ಹಾರಿಸಿ ಹೋಮ್ ರನ್ ಹೊಡೆಯುವುದರಲ್ಲಿ ಹೆಸರು ಮಾಡಿದ್ದ ಡೆಲ್ ಮರ್ಚಿಸನ್ನನ ಬ್ಯಾಟದು. ನಮ್ಮ ಕಾಲದವರಿಗೆ ಡೆಲ್ ದೇವರಂಥವನು, ಡಾಕ್ಟರಿಗೆ ದೇವರೇ. ಹಿಡಿಯ ತುದಿಯ ಗುಬಟಿನ ಮೇಲೆ ಅವನ ಅಂಗಿಯ ನಂಬರು, ಒಂಬತ್ತು, ಕಪ್ಪು ಬಣ್ಣದಲ್ಲಿತ್ತು.

ವರ್ನಾ ನೆಲಮಾಳಿಗೆಗೆ ಇಳಿದು ಕಾರ್ಡು ತಂದಳು. ಸಾವಿರದ ಒಂಬೈನೂರ ಅರವತ್ತೇಳರ ಆಗಸ್ಟ್, ಆರು ಬ್ಯಾಟು, ಮೂವತ್ತನಾಲ್ಕೂವರೆ ಅಂಗುಲ, ಮೂವತ್ತಮೂರು ಔನ್ಸ್. ಉದ್ದ ಸರಿಹೋಯಿತು. ಕಾರ್ಖಾನೆಯ ಮುದ್ರೆಯೂ ಆ ಕಾಲದ್ದೇ. ಡಾಕ್ಟರ ಮುಖ ಅರಳಿತು.

ಅವಳು ಬ್ಯಾಟನ್ನು ಕಿಟಕಿಗೆ ಹಿಡಿದಳು. ತಿರುಗಿಸಿದಳು. ನಿಂತಳು. ಮತ್ತೆ ತಿರುಗಿಸಿದಳು.

"ಎಮೆಟ್, ಎದ್ದು ನಿಲ್ಲು," ಎಂದು ನನಗೆ ಲಟ್ಟಣಿಗೆ ಕೊಟ್ಟಳು. "ಬಲಗೈ ಆಟಗಾರನ ಥರ ಹಿಡ್ಕೊ. ಮುದ್ರೆ ಮೇಲಕ್ಕಿದೆ ಅಂದ್ಕೊ."

ಆಶ್ ಮರದ ಬ್ಯಾಟನ್ನು ಮುದ್ರೆ ಆಕಾಶ ನೋಡುವಂತೆ ಹಿಡಿಯಬೇಕು. ಇಲ್ಲದಿದ್ದರೆ ಗೆರೆ ಬಿಟ್ಟು ಸೀಳುತ್ತದೆ. ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನಾನು ಲಟ್ಟಣಿಗೆ ಮುಂದಕ್ಕೆ ಚಾಚಿದೆ.

"ಚೆಂಡು ಎಸೆಯೋನು ನಿನ್ನ ಎಡಕ್ಕಿದಾನೆ. ಚೆಂಡು ಎಲ್ಲಿ ತಗುಲ್ತು?"

"ಎಡಗಡೆ ಮೈಗೆ."

"ಡಾಕ್ಟ್ರೇ, ಇದ್ರಲ್ಲಿ ಒಂಬತ್ತು ಗುರುತಿವೆ. ಒಂಬತ್ತೂ ಬಲಗಡೆ ಮೈಮೇಲೆ. ಇದನ್ನ ಬೀಸಿದೋನು ಎಡಗೈಯೋನು. ಡೆಲ್ ಬಲಗೈಯೋನಲ್ವಾ?"

ಡಾಕ್ಟರು ಬಗ್ಗಿ ಬ್ಯಾಟಿನ ಬಲಮೈ ನೋಡಿದರು. ಆಮೇಲೆ, "ಮುದ್ರೆ ಕೆಳಗೆ ಮಾಡಿ ಹಿಡ್ದಿರಬಹುದಲ್ಲ ಮೇಡಂ," ಎಂದರು.

"ಇರಬಹುದು. ಡೆಲ್‌ನವು ನಾಲ್ಕು ನೋಡಿದೀನಿ, ಯಾವ್ದ್ರಲ್ಲೂ ಹಾಗಿಲ್ಲ. ಆದ್ರೂ ಇರಬಹುದು. ತೂಕ ನೋಡೋಣ."

ಅಡುಗೆಯ ತಕ್ಕಡಿಯ ಮೇಲೆ ಬ್ಯಾಟು ಮೂವತ್ತು ಔನ್ಸೂ ತೂಗಲಿಲ್ಲ. ಮರ ಒಣಗಿದರೆ ಒಂದು ಔನ್ಸ್ ಹೋಗಬಹುದು, ಒಂದೂವರೆ ಎಂದರೂ ಒಪ್ಪಬಹುದು. ಉಳಿದದ್ದೆಲ್ಲಿ? ವರ್ನಾ ನೂಲು ತಂದು ಹಿಡಿಗೆ ಸುತ್ತಿ ಅಳೆದಳು. ಕಾರ್ಡಿನಲ್ಲಿ ಬರೆದದ್ದಕ್ಕಿಂತ ಹಿಡಿ ತೆಳ್ಳಗಿತ್ತು. ಉಗುರಿನಿಂದ ಅಂಟಿನ ಅಂಚು ತಡವಿದಳು.

"ಹೆರೆದಿದಾನೆ. ಅಂಟು ಹೆರೆದದ್ದರ ಮೇಲಿದೆ, ಅಂದ್ರೆ ಮೊದ್ಲು ಹೆರೆದು ಆಮೇಲೆ ಆಡಿದಾನೆ. ಡೆಲ್ ಯಾಕೆ ಹೆರೀತಾನೆ? ಅವನಿಗೆ ತೆಳ್ಳಗಿರೋದು ಬೇಕಿದ್ರೆ ನಮಗೊಂದು ಚೀಟಿ ಬರ್ದಿದ್ರೆ ಸಾಕಿತ್ತು." ಬ್ಯಾಟನ್ನು ಮೇಜಿನ ಮೇಲಿಟ್ಟಳು. "ಬ್ಯಾಟ್ ಅವನದೇ. ಆಡಿದ್ದು ಅವನಲ್ಲ."

ಡಾಕ್ಟರ ಕಿವಿ ಕೆಂಪಾಯಿತು. ಹೆಸರಿದೆ, ನಂಬರಿದೆ, ನಿಮ್ಮದೇ ಕಾರ್ಡಿದೆ, ಇನ್ನೇನು ಬೇಕು ಎಂದು ದನಿ ಎತ್ತಿದರು. ವರ್ನಾ ಜಗಳಕ್ಕೆ ನಿಲ್ಲಲಿಲ್ಲ. ಆಲೂಗಡ್ಡೆ ತುಂಬಿದ ಬಿಸಿ ಪಿರೋಗಿ ಕಡುಬಿನ ತಟ್ಟೆಯನ್ನು ಅವರ ಮುಂದೆ ತಳ್ಳಿ, ಟಾರ್ಚು ಹಿಡಿದು ಗುಬಟನ್ನು ನೋಡತೊಡಗಿದಳು. ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆಗೆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ. ಡಾಕ್ಟರು ಮೂರನೆಯದನ್ನು ತಿನ್ನುತ್ತಿದ್ದಾಗ ಅವಳು, "ಎಮೆಟ್, ನಿನ್ ಕಣ್ಣು ಚೆನ್ನಾಗಿದೆ, ಈ ಒಂಬತ್ತರ ಅಡೀಲಿ ಏನೋ ಇದೆ ನೋಡು," ಎಂದಳು.

ಬೆಳಕನ್ನು ತೀರ ಓರೆ ಮಾಡಿದಾಗ ಕಂಡಿತು. ಪೆನ್ನನ್ನು ಒತ್ತಿ ಬರೆದಿದ್ದ ತಗ್ಗು: ನಲವತ್ತೊಂದು. ಯಾರೋ ಆಮೇಲೆ ಅದರ ಮೇಲೆ ಒಂಬತ್ತು ಬಳಿದಿದ್ದರು.

ಕೊಂಡದ್ದನ್ನು ಮೂವತ್ತು ದಿನದೊಳಗೆ ವಾಪಸ್ ಮಾಡಬಹುದಿತ್ತು. ಇನ್ನೂ ಹದಿನೆಂಟು ದಿನ ಉಳಿದಿದ್ದವು. ವಾಪಸ್ ಮಾಡಲು ಒಂದು ಪತ್ರ ಬರೆದುಕೊಡಿ ಎಂದು ಡಾಕ್ಟರು ಕೇಳಿದರು.

"ಬರೀತೀನಿ. ಆದ್ರೆ ಯಾರಲ್ಲ ಅಂತ ಬರೆಯೋಕಿಂತ ಯಾರು ಅಂತ ಬರೆಯೋದು ಒಳ್ಳೇದು. ಒಂದು ವಾರ ಬಿಟ್ಟು ಹೋಗಿ ಇದನ್ನ," ಎಂದಳು.

ಅವರು ಬಿಟ್ಟು ಹೋದರು. ಯಾಕೆ ಬಿಟ್ಟರೋ, ಬಹುಶಃ ಅವರಿಗೂ ಆಗಲೇ ಹುಳ ಹೊಕ್ಕಿತ್ತು.

ಮರುದಿನ ನಾನು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಸುರುಳಿ ತಿರುಗಿಸುತ್ತ ಕೂತೆ. ಅರವತ್ತೇಳರ ಸೆಪ್ಟೆಂಬರಿನಲ್ಲಿ ಡೆಲ್‌ನ ತಂಡ ಕೆಳಗಿನ ಲೀಗಿನಿಂದ ನಾಲ್ವರನ್ನು ಕರೆಸಿಕೊಂಡಿತ್ತು. ನಲವತ್ತೊಂದನೆಯ ನಂಬರಿನವನು ಹಾಲಿಸ್ ಡ್ಯಾಮರನ್, ಎಡಗೈ. ಆ ತಿಂಗಳು ಕಳೆದ ಮೇಲೆ ಅವನ ಹೆಸರು ಎಲ್ಲೂ ಇಲ್ಲ. ವರ್ನಾಳಿಗೆ ಹೇಳಿದೆ. ಅವಳು ಡ್ರಾಯರುಗಳಲ್ಲಿ ಹುಡುಕಿದಳು. ಅವನ ಹೆಸರಿನ ಕಾರ್ಡಿರಲಿಲ್ಲ. "ಒಪ್ಪಂದ ಇಲ್ದೋರಿಗೆ ಬ್ಯಾಟ್ ಯಾರು ಮಾಡಿಸ್ತಾರೆ? ಸಿಕ್ಕಿದ್ದನ್ನ ಎತ್ಕೊಂಡು ಆಡ್ತಿದ್ರು," ಎಂದಳು.

ಟೆಲಿಫೋನ್ ಪುಸ್ತಕದಲ್ಲಿ ಡ್ಯಾಮರನ್ ಎಂಬುವರು ಹೆಚ್ಚಿಲ್ಲ. ಎರಡನೆಯ ಕರೆಗೇ ಸಿಕ್ಕಿತು, ನಮ್ಮಿಂದ ತೊಂಬತ್ತು ಮೈಲಿ. ಫೋನ್ ಎತ್ತಿದ್ದು ಹೆಂಡತಿ, ಆರ್ಡಿತ್.

"ಕಿಟಕಿ ಮಾರೋರಾ?"

"ಅಲ್ಲ ಮೇಡಂ. ಬ್ಯಾಟಿನ ವಿಷಯ."

"ಬ್ಯಾಟಾ? ಅಯ್ಯೋ, ಅವನ ಹತ್ರ ಅದರ ಮಾತೆತ್ತಬೇಡಿ, ಶುರುಮಾಡಿದ್ರೆ ಊಟಕ್ಕೂ ಏಳಲ್ಲ," ಎಂದಳು, ಮತ್ತೆ ಕೂಡಲೇ, "ಶನಿವಾರ ಬನ್ನಿ. ಇರ್ತಾನೆ," ಎಂದಳು.

ಡಾಕ್ಟರಿಗೂ ತಿಳಿಸಿದೆವು. ಬರುವುದಿಲ್ಲ ಎಂದರು. ಶನಿವಾರ ಬೆಳಗ್ಗೆ ನೋಡಿದರೆ ನಮಗಿಂತ ಮುಂಚೆ ಅವರ ಕಾರು ಡ್ಯಾಮರನ್‌ರ ಗೇಟಿನ ಹೊರಗೆ ನಿಂತಿತ್ತು.

ಹಾಲಿಸನಿಗೆ ಆಗ ಎಪ್ಪತ್ತೊಂದು. ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಅಗಲ ಭುಜ, ನಡೆಯುವಾಗ ಒಂದು ಮಂಡಿ ಬಗ್ಗುತ್ತಿರಲಿಲ್ಲ. ವರ್ನಾ ನನಗೂ ಡಾಕ್ಟರಿಗೂ ಮೊದಲೇ ತಾಕೀತು ಮಾಡಿದ್ದಳು, ಯಾರೂ ಬಾಯಿ ಬಿಡಬಾರದು ಎಂದು. ಅವಳು ಹೆಸರು ಹೇಳಿಕೊಂಡು, ಕಂಬಳಿ ಬಿಚ್ಚಿ, ಬ್ಯಾಟನ್ನು ಅವನ ಕೈಗೆ ಕೊಟ್ಟಳಷ್ಟೆ.

ಅವನು ಮುದ್ರೆ ನೋಡಲಿಲ್ಲ. ಹೆಸರೂ ನೋಡಲಿಲ್ಲ. ಹಿಡಿದ, ಎಡಗೈ ಮೇಲೆ ಬಲಗೈ ಕೆಳಗೆ. ಹೆಬ್ಬೆರಳು ಹಿಡಿಯ ಮೇಲೆ ಹಿಂದೆ ಮುಂದೆ ಓಡಿ ಒಂದು ಕಡೆ ನಿಂತಿತು.

"ಇದನ್ನ ನಾನು ಸೋಡಾ ಬಾಟ್ಲಿ ಗಾಜಿಂದ ಹೆರೆದಿದ್ದು," ಎಂದ ಮೆಲ್ಲಗೆ. "ಹೋಟೆಲಿನ ಬಚ್ಚಲುಮನೇಲಿ ಕೂತು. ಚೂರುಗಳನ್ನೆಲ್ಲ ಟವಲಿನಲ್ಲಿ ಕಟ್ಟಿ ಎಸೆದೆ. ಎಲ್ಲಿ ಸಿಕ್ತು ನಿಮಗೆ?"

ಡಾಕ್ಟರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಡೆಲ್ ಕೊಟ್ನಾ ನಿಮಗೆ?" ವರ್ನಾ ಕೇಳಿದಳು.

"ಕೊಡೋದಾ? ಡೆಲ್ ಯಾರಿಗೂ ಚೂಯಿಂಗ್ ಗಮ್ ತುಂಡೂ ಕೊಡ್ತಿರಲಿಲ್ಲ. ಪೆಟ್ಟಿಗೆ ಬಂದ ದಿನ ಒಂದೊಂದನ್ನೂ ತಿರುಗಿಸಿ ಮರದ ಗೆರೆ ಎಣಿಸ್ತಿದ್ದ. ಇದರಲ್ಲಿ ಏಳೇ ಗೆರೆ ಅಂತ ಮೂಲೆಗೆ ಎಸೆದ. ಇಂಥ ಕಟ್ಟಿಗೆ ಕಡೆಯೋರ ಕೈ ಮುರೀಲಿ ಅಂದ. ನಾನು ಎತ್ಕೊಂಡೆ."

"ಏಳಲ್ಲ, ಒಂಬತ್ತು," ಎಂದಳು ವರ್ನಾ. "ಆ ಆಗಸ್ಟಿನವು ನಾನೇ ಕಡೆದಿದ್ದು."

ಹಾಲಿಸ್ ಅವಳ ಕೈ ನೋಡಿದ. ಬ್ಯಾಟಿನ ತುದಿಯನ್ನು ಬೆಳಕಿಗೆ ತಿರುಗಿಸಿ ಎಣಿಸಿದ. ಎರಡು ಸಲ ಎಣಿಸಿದ.

"ಒಂಬತ್ತೇ," ಎಂದ. "ಎಣಿಸೋಕೂ ಬರ್ತಿರಲಿಲ್ಲ ಆ ಮನುಷ್ಯನಿಗೆ."

ಆರ್ಡಿತ್ ನಕ್ಕಳು, ಡಾಕ್ಟರು ಕೂಡ ನಕ್ಕರು.

ಆಮೇಲಿನ ಎರಡು ಗಂಟೆ ನಾವು ಅಡುಗೆಮನೆಯ ಮೇಜಿನ ಸುತ್ತ ಕೂತು ಆ ಬ್ಯಾಟಿನ ಬಲಮೈ ನೋಡಿದೆವು. ಪ್ರಶ್ನೆ ಕೇಳುತ್ತ ಹೋದದ್ದು ಡಾಕ್ಟರು. ಬೆರಳಿಟ್ಟು, ಇದು ಯಾವುದು, ಇದು ಯಾವುದು ಎಂದು. ಹಾಲಿಸನಿಗೆ ಒಂಬತ್ತೂ ನೆನಪಿದ್ದವು. ಅದರಲ್ಲಿ ಆಶ್ಚರ್ಯವೇನಿಲ್ಲ, ದೊಡ್ಡ ಲೀಗಿನಲ್ಲಿ ಅವನು ಬ್ಯಾಟ್ ಹಿಡಿದು ನಿಂತದ್ದೇ ಹನ್ನೊಂದು ಸಲ. ನಾಲ್ಕು ಗುರುತು ಮೈದಾನದ ಗೆರೆಯಾಚೆ ಹೋಗಿ ಲೆಕ್ಕಕ್ಕೆ ಬಾರದ ಚೆಂಡುಗಳವು. ತುದಿಗೆ ಹತ್ತಿರವಿದ್ದದ್ದು ಚೆಂಡು ಎಸೆದವನ ಕೈಗೇ ವಾಪಸ್ ಹೋದದ್ದು. ಮೂರು ನೆಲ ಕಚ್ಚಿ ಉರುಳಿದವು.

"ಮತ್ತೆ ಇದು?" ಡಾಕ್ಟರು ತೋರಿಸಿದ್ದು ಎಲ್ಲಕ್ಕಿಂತ ಆಳವಾದ ಗುರುತು. ಅಲ್ಲಿ ಹೊಲಿಗೆಯ ಹಲ್ಲೂ ಇತ್ತು, ಎರಡು ನೀಲಿ ಅಕ್ಷರವೂ ಇದ್ದವು.

ಹಾಲಿಸ್ ಅದರ ಮೇಲೆ ಬೆರಳಾಡಿಸಿದ. "ಇದು ಬೇಲಿಯವರೆಗೂ ಹೋಯ್ತು. ಅಲ್ಲಿದ್ದ ಫೀಲ್ಡರ್ ಹಾರಿ ಹಿಡಿದ. ಬೆನ್ನು ಬೇಲಿಗೆ ಬಡೀತು, ಚೆಂಡು ಮಾತ್ರ ಬಿಡಲಿಲ್ಲ. ಬೇಲಿ ದಾಟೋಕೆ ಇನ್ನು ಆರಡಿ ಬೇಕಿತ್ತು. ಗಾಳಿ ಎದುರಿಗಿತ್ತು."

"ಹೋದ ವರ್ಷ ನಾಲ್ಕಡಿ ಇತ್ತು," ಎಂದಳು ಆರ್ಡಿತ್ ಕಾಫಿ ಬಗ್ಗಿಸುತ್ತ. "ಗಾಳಿ ಮಾತ್ರ ನಲವತ್ತೇಳು ವರ್ಷದಿಂದ ಎದುರಿಗೇ ಬೀಸ್ತಾ ಇದೆ."

"ಬೀಸ್ತಿತ್ತು ಕಣೆ."

"ನಾನೆಲ್ಲಿ ಇಲ್ಲ ಅಂದೆ?"

ಹಾಗಾದರೆ ಔಟಾಗದೆ ಬೇಸ್ ಮುಟ್ಟಿಸಿದ ಹಿಟ್ ಯಾವುದು ಎಂದು ಡಾಕ್ಟರು ಕೇಳಿದರು. ಹಾಲಿಸ್ ಬ್ಯಾಟನ್ನು ಕಂಬಳಿಯ ಮೇಲೆ ಮಲಗಿಸಿದ. "ಇಲ್ಲ ಡಾಕ್ಟ್ರೇ. ಹನ್ನೊಂದರಲ್ಲಿ ಒಂದೂ ಇಲ್ಲ. ಅಕ್ಟೋಬರಲ್ಲಿ ವಾಪಸ್ ಕಳ್ಸಿದ್ರು. ಬ್ಯಾಟು ಗೂಡಿನಲ್ಲೇ ಇತ್ತು, ಅದರ ಮೇಲೆ ಡೆಲ್ ಹೆಸರಿತ್ತಲ್ಲ, ತಗೊಂಡು ಹೋದ್ರೆ ಕಳ್ಳ ಅಂತಿದ್ರು. ಬಿಟ್ಟು ಬಂದೆ." ಅವನ ದನಿಯಲ್ಲಿ ದುಃಖವೇನೂ ಇರಲಿಲ್ಲ, ಅಥವಾ ನನಗೆ ಕಾಣಿಸಲಿಲ್ಲ. ಅದು ಹೇಗೆ ಅಲ್ಲಿಂದ ಹೊರಬಿತ್ತು, ಯಾರು ಒಂಬತ್ತು ಬಳಿದರು ಎನ್ನುವುದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಾಗಲಿಲ್ಲ.

ವಾಪಸ್ ಬರುವಾಗ ವರ್ನಾ ಬಹಳ ದೂರ ರಸ್ತೆ ಬದಿಯ ಮರಗಳನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: "ಮೂವತ್ತೆರಡು ವರ್ಷ ಕಡೆದೆ, ಎಮೆಟ್. ಇಷ್ಟು ಉದ್ದ, ಇಷ್ಟು ತೂಕ. ಅದು ಆಮೇಲೆ ಏನಾಗತ್ತೆ ಅಂತ ಒಬ್ರೂ ಬಂದು ಹೇಳಿರಲಿಲ್ಲ. ಇವತ್ತು ಒಂದರದ್ದು ಪೂರ್ತಿ ಕೇಳಿದೆ."

ಅವಳು ಪತ್ರ ಬರೆದಳು, ಎಂದಿನಂತೆ ಗೆರೆ ಹಾಕಿದ ಹಾಳೆಯ ಮೇಲೆ. ಈ ಬ್ಯಾಟನ್ನು ಡೆಲ್ ಮರ್ಚಿಸನ್‌ಗಾಗಿ ಮಾಡಿದ್ದು. ಅವನು ಬಳಸಲಿಲ್ಲ. ಬಳಸಿದ್ದು ಹಾಲಿಸ್ ಡ್ಯಾಮರನ್, ಸೆಪ್ಟೆಂಬರ್ 1967. ಒಂಬತ್ತು ಏಟು, ಹಿಟ್ ಇಲ್ಲ. ಹಿಡಿ ಹೆರೆದದ್ದು ಅವನೇ. ಕೆಳಗೆ ಅವಳ ರುಜು, ಪಕ್ಕದಲ್ಲಿ ಹಾಲಿಸನ ರುಜು.

ಆ ಪತ್ರವಿದ್ದರೆ ಹರಾಜಿನವರು ಎರಡು ಮಾತಿಲ್ಲದೆ ಹಣ ಮರಳಿಸಬೇಕಿತ್ತು. ಮೂವತ್ತನೆಯ ದಿನ ಕಳೆಯಿತು. ಡಾಕ್ಟರು ವಾಪಸ್ ಮಾಡಲಿಲ್ಲ. ಡಿಸೆಂಬರಿನಲ್ಲಿ ಎರಡು ಪೌಂಡ್ ಕಾಫಿಪುಡಿ ತಂದಾಗ ವರ್ನಾ ಕೇಳಿದಳು.

"ತಾರೀಖು ಮರ್ತುಹೋಯ್ತು ಅಂತ ಮನೇಲಿ ಹೇಳಿದೀನಿ," ಎಂದರು. ಕಾಫಿಯ ಬಟ್ಟಲು ತಿರುಗಿಸುತ್ತ ಕೂತು, ನಂತರ ತಾವಾಗಿಯೇ ಹೇಳಿದರು. "ನನ್ನ ಹತ್ರ ಇಪ್ಪತ್ತಾರು ಬ್ಯಾಟಿವೆ ಮೇಡಂ. ಬಂದೋರೆಲ್ಲ ಇದರ ಮುಂದೆನೇ ನಿಂತ್ಕೋತಾರೆ. ಕಥೆ ಹೇಳೋಕೆ ಆಗೋದು ಇದೊಂದರದ್ದೇ."

ಮುಂದಿನ ವಸಂತದಲ್ಲಿ ಹಾಲಿಸ್ ಮತ್ತು ಆರ್ಡಿತ್ ಆಲ್ಡರ್ ರನ್‌ಗೆ ಬಂದರು, ಕಾರ್ಡುಗಳನ್ನು ನೋಡಲು. ಹಾಲಿಸ್ ಕಷ್ಟಪಟ್ಟು ನೆಲಮಾಳಿಗೆಯ ಮೆಟ್ಟಿಲಿಳಿದ. ಜೊತೆಗೆ ಆಡಿದವರ ಹೆಸರು ಒಂದೊಂದೇ ತೆಗೆಸಿ ನೋಡಿದ. ಯಾರು ಎಷ್ಟು ಭಾರದ ಬ್ಯಾಟ್ ತರಿಸುತ್ತಿದ್ದರು, ಯಾರು ತಮಗೆ ಮೀರಿದ್ದನ್ನು ಕೇಳುತ್ತಿದ್ದರು ಎಂದು ಓದಿ ಓದಿ ನಕ್ಕ. ತನ್ನದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಆದರೂ ಅವನ ಬೆರಳು ತನ್ನ ಹೆಸರಿನ ಅಕ್ಷರದ ಡ್ರಾಯರಿನಲ್ಲಿ ಒಮ್ಮೆ ಓಡಿದ್ದನ್ನು ವರ್ನಾ ನೋಡಿದಳು.

ಡ್ರಾಯರಿನ ಹಿಂಭಾಗದಲ್ಲಿ ಖಾಲಿ ಕಾರ್ಡುಗಳಿದ್ದವು. ಒಂದನ್ನು ಎಳೆದು ಪೆನ್ನು ತೆಗೆದಳು.

"ಹೇಳಿ. ಉದ್ದ?"

"ಏನ್ ತಮಾಷೆ ಮಾಡ್ತೀರಾ?"

"ಹಿಂದೆ ಜನ ಕಾಯ್ತಿದಾರೆ. ಉದ್ದ ಹೇಳಿ."

"ಮೂವತ್ತನಾಲ್ಕೂವರೆ," ಎಂದ ಹಾಲಿಸ್. "ಮೂವತ್ತೊಂದು ಔನ್ಸ್. ಹಿಡಿ ತೆಳ್ಳಗಿರಲಿ."

ಆ ಬೇಸಿಗೆಯಲ್ಲಿ ಅವಳ ಸೋದರಳಿಯನ ಗ್ಯಾರೇಜಿನ ಲೇತಿನಲ್ಲಿ ಅವಳು ಅದನ್ನು ಕಡೆದಳು. ವಯಸ್ಸು ಎಪ್ಪತ್ತೆಂಟು. ಎರಡು ಮರ ಹಾಳಾದವು, ಮೂರನೆಯದು ಬಂತು. ಹಾಲಿಸ್ ಅದನ್ನು ಕೈಗೆ ತೆಗೆದುಕೊಂಡು, ಹಿತ್ತಲಿಗೆ ಹೋಗಿ, ಯಾರಿಗೂ ಕಾಣದಂತೆ ಎರಡು ಸಲ ಬೀಸಿದ. ನಾವೆಲ್ಲ ಕಿಟಕಿಯಲ್ಲಿದ್ದೆವು. ಬಗ್ಗದ ಮಂಡಿಯನ್ನು ಬಗ್ಗಿಸಲು ನೋಡಿ, ಆಗದೆ, ಅದರ ಮೇಲೆಯೇ ತಿರುಗಿದ.

ಇನ್ನೊಂದು ನಾಲ್ಕು ವರ್ಷ ಕೊಳವೆಗಳು ಬಂದವು. ಕಣ್ಣು ಮಂಜಾದಾಗ ವರ್ನಾ ಉಳಿದವನ್ನು ಬಿಚ್ಚದೆ ವಾಪಸ್ ಕಳಿಸಿದಳು. ತಪ್ಪು ಹೇಳುವುದಕ್ಕಿಂತ ಹೇಳದಿರುವುದು ವಾಸಿ ಎಂದಳು. ಕಾರ್ಡುಗಳನ್ನು ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟಳು. ನಾನು ಮತ್ತು ಡಾಕ್ಟರು ಸೇರಿ ಸಾಗಿಸಿದೆವು. ಅಲ್ಲಿ ಪಟ್ಟಿ ಮಾಡುತ್ತಿದ್ದ ಹೆಂಗಸು ಮೂರು ವಾರ ಬಿಟ್ಟು ಫೋನು ಮಾಡಿದಳು. ಒಂದು ಕಾರ್ಡು ಅನುಮಾನಕ್ಕೆ ಎಡೆಮಾಡಿಕೊಟ್ಟಿದೆ, ಕಾರ್ಖಾನೆ ಮುಚ್ಚಿ ಇಪ್ಪತ್ತನಾಲ್ಕು ವರ್ಷವಾದ ಮೇಲಿನ ತಾರೀಖಿದೆ, ಯಾರಾದರೂ ಆಮೇಲೆ ಸೇರಿಸಿದ್ದಿರಬಹುದೇ ಎಂದು ಕೇಳಿದಳು.

"ಸೇರಿಸಿದ್ದು ನಾನೇ," ಎಂದಳು ವರ್ನಾ. "ತಾರೀಖು ಸರಿಯಾಗೇ ಬರ್ದಿದೀನಲ್ಲ. ಕೆಳಗೆ ನೋಡಮ್ಮ, ಬ್ಯಾಟು ಒಂದು, ಕಳಿಸಲಾಗಿದೆ ಅಂತಾನೂ ಬರ್ದಿದೆ."